ಕೊಸರು

ಫ್ರೆಂಚ್ ಕಲಿತದ್ದು ವಿಮಾನಪುರದ ಕಾರ್ಖಾನೆಯಲ್ಲಿ,
ಹೆಲಿಕಾಪ್ಟರಿನ ಕೈಪಿಡಿಗಳಿಂದ.
ಮೊದಲು ಬಂದ ಪದ ವಾಷರು, ಆಮೇಲೆ ಸ್ಪ್ರಿಂಗು.
ಪ್ರೀತಿಗೆ ಏನೆನ್ನುತ್ತಾರೆಂದು ತಿಳಿಯಲು
ಹನ್ನೊಂದು ವರ್ಷ ಹಿಡಿಯಿತು,
ಅದೂ ಬಿಡಿಭಾಗಗಳ ಪಟ್ಟಿಯ ಅಂಚಿನಲ್ಲಿ
ಯಾರೋ ಪೆನ್ಸಿಲಿನಿಂದ ಗೀಚಿದ್ದರಿಂದ.

ಹಾಗಾಗಿ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ
ಪಿಯುಸಿ ಗೈಡುಗಳ ಅಡಿಯಿಂದ
ಓದೀಲ್ ಕೆರ್ವಾರೆಕ್ ಸಿಕ್ಕಾಗ,
ಮೂವತ್ತು ರೂಪಾಯಿ, ಬೆನ್ನು ಹರಿದಿತ್ತು,
ಇದೂ ಒಂದು ಕೈಪಿಡಿಯೆಂದೇ ಓದತೊಡಗಿದೆ.
ತಪ್ಪಾಗಲಿಲ್ಲ.

ಕಾಲುವೆಯ ತೂಬು ಕಾಯುವವನ ಮಗಳು.
ಕೋರ್ಟಿನಲ್ಲಿ ಶೀಘ್ರಲಿಪಿಯ ಕೆಲಸ.
ಸಾಕ್ಷಿ ತೊದಲಿದರೆ ತೊದಲನ್ನೂ ಬರೆದುಕೊಂಡಳು,
ಕೆಲಸ ಹೋಯಿತು,
ಆ ತೊದಲೇ ಮೊದಲ ಕಾದಂಬರಿ.
ಎರಡನೆಯದರಲ್ಲಿ ಯಾರಿಗೂ ಹೆಸರಿಲ್ಲ.
ಮೂರನೆಯದು ಶುರುವಾಗುವುದೇ ಹದಿನೇಳನೆಯ ಪುಟದಿಂದ.
ಮೊದಲ ಹದಿನಾರು ನಿಮ್ಮ ಹತ್ತಿರ ಇವೆಯಲ್ಲ,
ಎಂದಳಂತೆ ಪ್ರಕಾಶಕನಿಗೆ.
ನಾಟಕದ ಮೊದಲ ಪ್ರಯೋಗಕ್ಕೆ ಹದಿಮೂರು ಜನ,
ನಾಲ್ವರು ಮಳೆಗೆ ಹೆದರಿ ಒಳಬಂದವರು.
ಪತ್ರಿಕೆಯ ಚಿತ್ರದಲ್ಲಿ ಅರ್ಧ ಮುಖ ಚೌಕಟ್ಟಿನಾಚೆ;
ಇರುವ ಅರ್ಧ ನಗುತ್ತಿದೆಯೋ ಇಲ್ಲವೋ
ಹೇಳುವಂತಿಲ್ಲ.

ನಾಲ್ಕನೆಯದಕ್ಕೆ ಒಂಬತ್ತು ವರ್ಷ.
‘ನಾನು’ ಎಂದು ಮಾತಾಡುವ ಒಂದು ದನಿ,
ಗಂಡೋ ಹೆಣ್ಣೋ ಕೊನೆಯವರೆಗೂ ತಿಳಿಯಬಾರದು.
ಅವಳ ಭಾಷೆಯೋ ಚಾಡಿಕೋರ ಭಾಷೆ:
ಬಂದೆ ಎಂದು ಬರೆದರೆ ಬಾಲಕ್ಕೊಂದು ಅಕ್ಷರ ಸೇರಿ
ಬಂದದ್ದು ಹೆಂಗಸೆಂದು ಬೀದಿಗೆಲ್ಲ ಸಾರುತ್ತದೆ.
ಆ ಒಂದಕ್ಷರದ ಕಣ್ಣು ತಪ್ಪಿಸಲು
ಮುನ್ನೂರು ಪುಟ ಗೋಡೆ ಹಿಡಿದು ನಡೆದಿದ್ದಾಳೆ.
ದಣಿದೆ ಎನ್ನುವಂತಿಲ್ಲ,
ದಣಿವು ಬಂದು ಪಕ್ಕದಲ್ಲಿ ಕೂತಿತು.
ಹುಟ್ಟಿದೆ ಎನ್ನುವಂತಿಲ್ಲ,
ಆ ಚಳಿಗಾಲ ಮನೆಯಲ್ಲೊಂದು ಬಾಯಿ ಹೆಚ್ಚಾಯಿತು.

ಕನ್ನಡದಲ್ಲಿ ಬರೆದೆ: ಬಂದೆ. ದಣಿದೆ. ಹುಟ್ಟಿದೆ.
ಯಾರ ಗುಟ್ಟೂ ರಟ್ಟಾಗಲಿಲ್ಲ.
ಗಾಂಧಿ ಬಜಾರಿನಲ್ಲಿ ದಂಟಿನ ಕಟ್ಟಿನ ಜೊತೆ
ಕೇಳದೆಯೇ ಚೀಲಕ್ಕೆ ಬೀಳುವ ಕರಿಬೇವಿನ ಕೊಸರು.
ನಿನ್ನ ಒಂಬತ್ತು ವರ್ಷ, ಓದೀಲ್, ನನಗೆ ಪುಕ್ಕಟೆ.
ಆ ರಾತ್ರಿ ನಿದ್ದೆ ಹತ್ತಲಿಲ್ಲ,
ಕದ್ದವರಿಗೆ ಹತ್ತದ ಹಾಗೆ.

ಸಾಲ ವಸೂಲಾದದ್ದು ನಾಟಕದಲ್ಲಿ.

ಹನುಮಂತನಗರ, ಮದುವೆಗಳು ಮುಗಿದ ಛತ್ರದ ಮಹಡಿ.
ಗೋಡೆಯ ಮೇಲೆ ಥರ್ಮಾಕೋಲಿನಲ್ಲಿ ಒಬ್ಬರ ಹೆಸರು,
ಜೊತೆಯ ಹೆಸರು ಉದುರಿದೆ.
ಅವಳ ನಾಟಕದಲ್ಲಿ ಇರುವುದಿಷ್ಟು: ಇಬ್ಬರು, ಒಂದು ಬಾಗಿಲು.
ಒಬ್ಬ ನಲವತ್ತು ಸಲ ಹೋಗುತ್ತೇನೆ ಎನ್ನುತ್ತಾನೆ, ಹೋಗುವುದಿಲ್ಲ.
ನಲವತ್ತೊಂದನೆಯ ಸಲ ಏನೂ ಹೇಳದೆ ಹೊರಟುಹೋಗುತ್ತಾನೆ.

ಇಂತಿಯಾಜ್ ಮೊದಲ ‘ಹೋಗ್ತೀನಿ’ ಅಂದನಷ್ಟೆ,
ಹಿಂದಿನ ಕುರ್ಚಿಯಿಂದ ಕಾವಲುಗಾರ ಮುನಿವೆಂಕಟಪ್ಪ ಎದ್ದ.
ಬಿಡ್ತು ಅನ್ನಪ್ಪ! ದೀಪ ಹಚ್ಚೋ ಹೊತ್ನಲ್ಲಿ
ಯಾರಾದ್ರೂ ಹೋಯ್ತೀನಿ ಅಂತಾರಾ?
ಬತ್ತೀನಿ ಅನ್ನು.
ನಿರ್ದೇಶಕಿ ನಕ್ಕಳು. ನಾನು ನಗಲಿಲ್ಲ.
ಹೊರಡ್ತೀನಿ ಎಂದು ತಿದ್ದಿದೆ,
ಮೆಜೆಸ್ಟಿಕ್ಕಿನ ಬಸ್ಸಿನ ಹಾಗೆ ಕೇಳಿಸಿತು.
ಹೋಗಿ ಬರ್ತೀನಿ ಎಂದರೆ
ಅವಳು ಮುಚ್ಚಿದ ಬಾಗಿಲನ್ನು ನಾನೇ ತೆರೆದಂತೆ.
ಮೂರು ವಾರ ಇದೊಂದೇ ಕ್ರಿಯಾಪದ,
ಒಲೆಯ ಮೇಲೆ ಹಾಲು ಉಕ್ಕಿದರೂ ಅದೇ.

ಕಡೆಗೆ ತಿರುಗಿಸಿ ಬರೆದೆ.
ನಲವತ್ತು ಸಲ ಬರ್ತೀನಿ, ಬರ್ತೀನಿ,
ನೆಂಟರು ಹೊಸ್ತಿಲಲ್ಲಿ ನಿಂತೇ ಇನ್ನರ್ಧ ಗಂಟೆ ಆಡುವ ಮಾತು;
ನಲವತ್ತೊಂದಕ್ಕೆ, ಮೆಲ್ಲಗೆ, ಹೋಗ್ತೀನಿ.
ಅವಳ ಮೌನಕ್ಕೆ ನಮ್ಮಲ್ಲಿ ಅದೇ ಪದ.

ಪ್ರಯೋಗದ ದಿನ ಮೂವತ್ತೆರಡು ಜನ.
ಇಂತಿಯಾಜ್ ಹೋಗ್ತೀನಿ ಅಂದ, ಹೋದ.
ಕತ್ತಲೆಯಲ್ಲಿ ಯಾರೂ ಕೆಮ್ಮಲಿಲ್ಲ.
ಆಗ ಹಿಂದಿನಿಂದ, ತನಗೇ ಹೇಳಿಕೊಂಡಂತೆ:
ಬಿ… ಬಿಡ್ತು ಅನ್ನಪ್ಪ.

ಹಸ್ತಪ್ರತಿಯ ಕೊನೆಯ ಪುಟದ ಅಂಚಿನಲ್ಲಿ
ಪೆನ್ಸಿಲಿನಿಂದ ಅದನ್ನು ಬರೆದುಕೊಂಡೆ,
ತೊದಲನ್ನೂ ಬಿಡದೆ.